ಬಾಗಿಲಿಲ್ಲದ ಯೂನಿವರ್ಸಿಟಿ

ಹೋದ ಸಂಚಿಕೆಯಲ್ಲಿ ಹಲಸಿನ ಹಪ್ಪಳದ ಬಗ್ಗೆ ಬರೆದಿದ್ದೆನಲ್ಲ, ಅದಕ್ಕೆ ಬಂದ ಕಾಗದಗಳನ್ನೆಲ್ಲ ಓದಿದ್ದೇನೆ. ಉತ್ತರ ಮುಂದಿನ ಸಲಕ್ಕೆ ಇರಲಿ, ಬೇಸರ ಮಾಡಿಕೊಳ್ಳಬೇಡಿ. ಈ ಹದಿನೈದು ದಿನ ನನ್ನ ತಲೆ ತಿಂದದ್ದು ಹಪ್ಪಳವಲ್ಲ, ಒಂದು ಅರ್ಜಿ ಫಾರಂ.

ಮೊನ್ನೆ ಮಹಡಿ ಮೇಲೆ ಅರಳು ಸಂಡಿಗೆ ಇಟ್ಟು ಕಾಗೆ ಕಾಯುತ್ತಾ ಕೂತಿದ್ದೆ. ಎದುರು ಮನೆಯ ಸೊಸೆ ಕಳ್ಳಹೆಜ್ಜೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಳು. ಸೆರಗಿನಲ್ಲಿ ಏನೋ ಮುಚ್ಚಿಟ್ಟುಕೊಂಡಿದ್ದಾಳೆ. ನಾನು ಉಪ್ಪಿನಕಾಯಿ ಮಾವಿನಕಾಯಿ ಇರಬೇಕು ಅಂದುಕೊಂಡೆ. ನೋಡಿದರೆ ಕಾಗದ. ಮಗನ ಹತ್ತಿರ ಕಂಪ್ಯೂಟರ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದಾಳೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಬಿ.ಎ. ಪ್ರವೇಶದ ವಿವರ.

ಈ ಹುಡುಗಿಗೆ ಪಿಯುಸಿ ಮುಗಿದ ತಿಂಗಳಿಗೇ ಮದುವೆ. ಈಗ ಇಬ್ಬರು ಮಕ್ಕಳು. ಎರಡು ವರ್ಷದಿಂದ ನಮ್ಮ ಬೀದಿಯ ಕೊನೆಯ ಶಿಶುವಿಹಾರಕ್ಕೆ ಹೋಗುತ್ತಾಳೆ. ಹಾಡು ಹೇಳಿಕೊಡುವವಳು ಅವಳೇ, ಅಕ್ಷರ ತಿದ್ದಿಸುವವಳು ಅವಳೇ, ಮಕ್ಕಳ ಮೂಗು ಒರೆಸುವವಳೂ ಅವಳೇ. ಆದರೆ ಸಂಬಳ ಮಾತ್ರ ಆಯಾ ಸಂಬಳ. ಕೇಳಿದರೆ, "ಡಿಗ್ರಿ ಇಲ್ಲವಲ್ಲಮ್ಮಾ" ಅಂತಾರಂತೆ.

"ಆಂಟಿ, ನಮ್ಮತ್ತೆಗೆ ನೀವೊಂದು ಮಾತು ಹೇಳಿ. ನಿಮ್ಮ ಮಾತಾದ್ರೆ ಕೇಳ್ತಾರೆ" ಅಂದಳು.

ನನ್ನ ಮಾತು ನಮ್ಮ ಮನೆಯಲ್ಲೇ ಯಾರೂ ಕೇಳುವುದಿಲ್ಲ. ಆದರೂ ಹೊಗಳಿಕೆಗೆ ಕರಗದ ಹೆಂಗಸು ಯಾರು ಹೇಳಿ? ಸಾಯಂಕಾಲ ಒಂದು ಡಬ್ಬಿ ಸಂಡಿಗೆ ಹಿಡಿದುಕೊಂಡು ಹೋದೆ.

ಆಕೆಯ ಅತ್ತೆ ಒಳ್ಳೆಯವರೇ. ದುಡ್ಡಿನ ಲೆಕ್ಕವಲ್ಲ, ಮನೆಗೆಲಸದ ಚಿಂತೆಯೂ ಅಷ್ಟಿಲ್ಲ. ಅವರ ತಕರಾರು ಬೇರೆ. "ಓಪನ್ ಯೂನಿವರ್ಸಿಟಿ ಅಂದ್ರೆ ಏನ್ರೀ ಅದು? ಬಾಗಿಲೇ ಇಲ್ಲದ್ದಾ? ಯಾರು ಬೇಕಾದ್ರೂ ನುಗ್ಗಿ ಡಿಗ್ರಿ ಎತ್ಕೊಂಡು ಬರೋದಾದ್ರೆ ಅದಕ್ಕೇನು ಬೆಲೆ? ನಮ್ಮಕ್ಕನೂ ಬಿ.ಎ. ಮಾಡಿದಾಳೆ. ಮೈಸೂರು ಯೂನಿವರ್ಸಿಟೀದು! ಗಂಡಭೇರುಂಡದ ಮುದ್ರೆ ಇದೆ, ಕಟ್ಟು ಹಾಕಿಸಿ ಗೋಡೆಗೆ ಹಾಕಿದಾಳೆ" ಅಂದರು.

"ಹೌದಾ? ಆವಾಗ ಮೈಸೂರಲ್ಲಿ ಹಾಸ್ಟೆಲಲ್ಲಿ ಇದ್ರಾ?" ಅಂತ ಕೇಳಿದೆ.

"ಇಲ್ಲಪ್ಪ, ಅವಳು ಹಳ್ಳಿ ಸ್ಕೂಲಲ್ಲಿ ಮೇಡಂ ಆಗಿದ್ಲು. ಪಾಠ ಪೋಸ್ಟಲ್ಲಿ ಬರ್ತಿತ್ತು."

ನನಗೆ ನಗು ತಡೆಯಲಾಗಲಿಲ್ಲ. ಯಾಕೆ ಅಂತ ನಿಮಗೂ ಹೇಳುತ್ತೇನೆ.

ಮೈಸೂರು ವಿಶ್ವವಿದ್ಯಾನಿಲಯ 1916ರದ್ದು, ನಾಲ್ವಡಿಯವರ ಕಾಲದ್ದು, ಅದು ಎಲ್ಲರಿಗೂ ಗೊತ್ತು. ಅದೇ ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆಯ ಮೂಲಕ ಪಾಠ ಕಳಿಸುವ ಒಂದು ಸಂಸ್ಥೆ ತೆರೆಯಿತು. ಇಂಗ್ಲಿಷಿನಲ್ಲಿ ಕರೆಸ್ಪಾಂಡೆನ್ಸ್ ಕೋರ್ಸು. ನಮ್ಮ ಹಿರಿಯರು 'ಅಂಚೆ ತೆರಪಿನ ಶಿಕ್ಷಣ' ಅನ್ನುತ್ತಿದ್ದರು. ಎಷ್ಟು ಚೆಂದದ ಮಾತು ನೋಡಿ! ತೆರಪು ಅಂದರೆ ಬಿಡುವು. ಬಿಡುವಾದಾಗ ಓದುವ ವಿದ್ಯೆ. ಆ ಸಂಸ್ಥೆಯೇ ಮುಂದೆ 1996ರ ಜೂನ್ 1ರಿಂದ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಅದಕ್ಕೆ ಬೇಕಾದ ಕಾಯಿದೆ 1992ರಲ್ಲೇ ಆಗಿತ್ತು. ಹೊಸ ಹೆಸರು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಮಾನಸಗಂಗೋತ್ರಿಯ ಮಗ್ಗುಲಲ್ಲೇ ಇದೆ, ಆ ಜಾಗಕ್ಕೆ ಮುಕ್ತಗಂಗೋತ್ರಿ ಅಂತ ಹೆಸರು. ಅಂದಮೇಲೆ ಇವರ ಅಕ್ಕನಿಗೆ ಪಾಠ ಕಳಿಸಿದ ಮನೆಯೂ ಸೊಸೆ ಅರ್ಜಿ ಹಾಕಬೇಕೆಂದಿರುವ ಮನೆಯೂ ಒಂದೇ! ಬದಲಾಗಿರುವುದು ಬೋರ್ಡು.

ಇದನ್ನು ಹೇಳಿದರೆ ಆ ತಾಯಿ ನಂಬಲಿಲ್ಲ. "ಅಕ್ಕ ಭಾನುವಾರ ಬರ್ತಾಳೆ, ಅವಳನ್ನೇ ಕೇಳೋಣ" ಅಂದರು. ಸಂಡಿಗೆ ಡಬ್ಬಿ ಮಾತ್ರ ಇಸಕೊಂಡರು.

ಭಾನುವಾರ ಅಕ್ಕ ಬಂದರು. ಎಪ್ಪತ್ತು ಸಮೀಪಿಸಿದ್ದಾರೆ, ನೆಟ್ಟಗೆ ನಡೆಯುತ್ತಾರೆ, ಸೀರೆಯ ನೆರಿಗೆ ಒಂದೂ ಓರೆಯಿಲ್ಲ. ಆ ಕಾಲದ ಮೇಡಂಗಳೇ ಹಾಗೆ. ಕಾಫಿ ಆದಮೇಲೆ ಅವರು ಹೇಳಿದ್ದನ್ನು ನಾನು ಅಡಿಗೆಮನೆ ಬಾಗಿಲಿಗೆ ಒರಗಿಕೊಂಡು ಕೇಳಿದೆ.

ಪಾಠದ ಕಟ್ಟು ಬರುವ ದಿನ ಪೋಸ್ಟ್‌ಮ್ಯಾನ್ ಸ್ಕೂಲಿಗೇ ತಂದು ಕೊಡುತ್ತಿದ್ದನಂತೆ. ಮನೆಗೆ ಕೊಟ್ಟರೆ ಮಾವನವರು, "ಮತ್ತೆ ಬಂತಾ ನಿನ್ನ ರದ್ದಿ" ಅನ್ನುತ್ತಿದ್ದರಂತೆ. ರಾತ್ರಿ ಎಲ್ಲರ ಊಟವಾಗಿ, ಒಲೆ ಸಾರಿಸಿ, ನಾಳೆಯ ಹಿಟ್ಟು ನೆನೆಹಾಕಿ, ಆಮೇಲೆ ಲಾಟೀನಿನ ಮುಂದೆ ಅರ್ಥಶಾಸ್ತ್ರ. ನಿದ್ದೆ ಬರಬಾರದೆಂದು ಗೋಡೆಗೆ ಒರಗದೆ ಕೂರುತ್ತಿದ್ದರಂತೆ. ಕಟ್ಟಿನಲ್ಲಿ ಒಂದು ಪಾಠ ತಪ್ಪಿ ಹೋಗಿದ್ದರೆ ಕೇಳುವುದು ಯಾರನ್ನು? ಕಾಗದ ಬರೆದು, ಉತ್ತರ ಬರುವ ಹೊತ್ತಿಗೆ ಪರೀಕ್ಷೆ ತಲೆಬಾಗಿಲಿಗೆ ಬಂದಿರುತ್ತಿತ್ತು. ರಜೆಯಲ್ಲಿ ಸಂಪರ್ಕ ತರಗತಿ. ಹಾಲು ಕುಡಿಯುವ ಮಗುವನ್ನು ತವರಿನಲ್ಲಿ ಬಿಟ್ಟು ಮೈಸೂರಿಗೆ ಹೋಗಿದ್ದರಂತೆ. ಅಲ್ಲಿ ತರಗತಿಯಲ್ಲಿ ಕೂತಾಗ ಎದೆಹಾಲು ಸೋರಿ ರವಿಕೆ ನೆನೆದಿದ್ದನ್ನು ಅವರು ಏನೂ ಸಂಕೋಚವಿಲ್ಲದೆ ಹೇಳಿದರು. ತಂಗಿಗೆ ಇದು ಇಷ್ಟು ವರ್ಷಗಳಾದರೂ ಗೊತ್ತಿರಲಿಲ್ಲ. ಆಕೆಗೆ ಗೊತ್ತಿದ್ದದ್ದು ಗೋಡೆಯ ಮೇಲಿನ ಕಟ್ಟು ಮಾತ್ರ.

"ನಂಗೇನು ಬಾಗಿಲು ತೆರೆದು ಕೂಗಿ ಕರೆದು ಕೊಟ್ರಾ ಡಿಗ್ರೀನ?" ಅಂದರು ಅಕ್ಕ. "ಸೇರೋದು ಸುಲಭ ಕಣೇ. ಪಾಸಾಗಿ ಆಚೆ ಬರೋ ಬಾಗಿಲು ಎಲ್ಲರಿಗೂ ಅಷ್ಟೇ ಕಿರಿದು."

ಸರಿ, ಹಾಗಾದರೆ ಹೆಸರು ಯಾಕೆ ಬದಲಾಯಿಸಬೇಕಿತ್ತು? ಇದು ನನ್ನನ್ನು ಕಾಡಿದ ಪ್ರಶ್ನೆ. ಮೈಸೂರು ಯೂನಿವರ್ಸಿಟಿ ಎಂಬ ಹೆಸರಿಗೆ ಮದುವೆ ಮಾತುಕತೆಯಲ್ಲೂ ಒಂದು ತೂಕ ಇತ್ತು. ಅದನ್ನು ಬಿಟ್ಟು ಯಾರಿಗೂ ಅರ್ಥವಾಗದ 'ಮುಕ್ತ' ಯಾಕೆ? ನಮ್ಮ ಮನೆಯವರನ್ನು ಕೇಳಿದೆ. "ಮುಕ್ತ ಅಂದ್ರೆ ಅಡಿಗೆಯಿಂದ ಮುಕ್ತಿ ಅಂದ್ಕೋಬೇಡ ಮತ್ತೆ" ಅಂದರು. ಗಂಡಸರನ್ನು ಕೇಳಿದರೆ ಇಷ್ಟೇ. ಪೇಪರು, ಪುಸ್ತಕ ನಾನೇ ಹುಡುಕಿ ಓದಿದೆ.

ಆ ಹೆಸರು ನಮ್ಮದಲ್ಲ, ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿಯ ಪ್ರಧಾನಿ ಹೆರಾಲ್ಡ್ ವಿಲ್ಸನ್ನರು ರೇಡಿಯೋ, ಟಿ.ವಿ. ಮೂಲಕ ಕಲಿಸುವ ವಿಶ್ವವಿದ್ಯಾನಿಲಯ ಆಗಬೇಕು ಅಂದಾಗ ದೊಡ್ಡವರೆಲ್ಲ ನಕ್ಕರಂತೆ. ಅದನ್ನು ಹಟ ಹಿಡಿದು ಆಗುಮಾಡಿಸಿದವರು ಒಬ್ಬ ಹೆಂಗಸು, ಜೆನ್ನಿ ಲೀ ಎಂಬ ಮಂತ್ರಿ. ಸ್ಕಾಟ್ಲೆಂಡಿನ ಗಣಿ ಕೆಲಸಗಾರನ ಮಗಳು. 1969ರಲ್ಲಿ 'ಓಪನ್ ಯೂನಿವರ್ಸಿಟಿ' ಸ್ಥಾಪನೆಯಾಗಿ, 1971ರಲ್ಲಿ ಪಾಠ ಶುರುವಾಯಿತು. ಸೇರಲು ಹಿಂದಿನ ಯಾವ ಪರೀಕ್ಷೆಯ ಸರ್ಟಿಫಿಕೇಟೂ ಬೇಡ! ಬಸ್ ಓಡಿಸುವವರು, ಮನೆಯಲ್ಲಿದ್ದ ಗೃಹಿಣಿಯರು ಎಲ್ಲ ಸೇರಿದರು. ನಮ್ಮ ಮೈಸೂರಿನಲ್ಲಿ ಅಂಚೆ ಪಾಠ ಶುರುವಾದದ್ದೂ ಅದೇ 1969ರಲ್ಲಿ ಅನ್ನುವುದು ಕಾಕತಾಳೀಯ ಇರಬಹುದು. ನನಗೆ ಮಾತ್ರ ಖುಷಿಯಾಯಿತು.

ನಮ್ಮ ದೇಶದಲ್ಲಿ ಆ ಹೆಸರಿನ ಮೊದಲನೆಯದು ಹೈದರಾಬಾದಿನಲ್ಲಿ, 1982ರಲ್ಲಿ. ಈಗ ಅದು ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾನಿಲಯ. 1985ರಲ್ಲಿ ದೆಹಲಿಯ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯ, ಅದೇ ಇಗ್ನೋ. ಆಮೇಲೆ ನಮ್ಮದು.

ಬರೀ ಬೋರ್ಡು ಬದಲಾಯಿಸಿದ್ದಲ್ಲ ಎನ್ನುವುದೂ ಓದಿದ ಮೇಲೆ ತಿಳಿಯಿತು. ಮೊದಲು ಅದು ದೊಡ್ಡ ಮನೆಯ ಒಂದು ಕೋಣೆ. ಏನು ಮಾಡಬೇಕಾದರೂ ಮನೆ ಯಜಮಾನರ ಅಪ್ಪಣೆ ಬೇಕು. 1996ರಲ್ಲಿ ಬೇರೆ ಒಲೆ ಹೂಡಿದ ಹಾಗಾಯಿತು. ತನ್ನದೇ ಕಾಯಿದೆ, ತನ್ನದೇ ಕುಲಪತಿ, ತನ್ನದೇ ಪರೀಕ್ಷೆ, ತನ್ನದೇ ಪದವಿ. ಕೂಡು ಕುಟುಂಬದಿಂದ ಬೇರೆ ಬಂದವರಿಗೆ ಗೊತ್ತಲ್ಲ, ಬೇರೆ ಒಲೆಯ ಸುಖವೂ ಉಂಟು, ಕಷ್ಟವೂ ಉಂಟು. ತನಗೆ ಬೇಕಾದ್ದನ್ನು ಬೇಯಿಸಿಕೊಳ್ಳಬಹುದು. ಸೀದು ಹೋದರೆ ಮಾತ್ರ ಅತ್ತೆಯ ಮೇಲೆ ಹೇಳುವ ಹಾಗಿಲ್ಲ.

ಸೀದು ಹೋದದ್ದೂ ಉಂಟು. ಮುಚ್ಚಿಡಬಾರದು. 2015ರ ಜೂನ್‌ನಲ್ಲಿ ಯುಜಿಸಿಯವರು ಈ ವಿಶ್ವವಿದ್ಯಾನಿಲಯದ ಕೋರ್ಸುಗಳಿಗೆ 2012-13ರ ನಂತರ ಮಾನ್ಯತೆ ಇಲ್ಲ ಎಂದು ಪ್ರಕಟಿಸಿಬಿಟ್ಟರು. ರಾಜ್ಯದ ಗಡಿ ದಾಟಿ ಎಲ್ಲೆಲ್ಲೋ ಕೇಂದ್ರಗಳು, ಖಾಸಗಿಯವರ ಜೊತೆ ಸೇರಿ ತಾಂತ್ರಿಕ ಕೋರ್ಸುಗಳು, ಇವೇ ಮುಖ್ಯ ಆಕ್ಷೇಪಣೆ. ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯ ತನ್ನ ರಾಜ್ಯದೊಳಗೇ ಇರಬೇಕೆಂಬುದು ನಿಯಮ. ಓದುತ್ತಿದ್ದವರ ಗತಿ ಏನಾಗಬೇಡ? ಆಮೇಲೆ 2018ರಲ್ಲಿ ಮಾನ್ಯತೆ ಮತ್ತೆ ಸಿಕ್ಕಿತು, 2018-19ರಿಂದ ಪ್ರವೇಶ ಶುರುವಾಯಿತು. ನಡುವೆ ಹೋದ ವರ್ಷಗಳು ಹೋದವು. ಎದುರು ಮನೆ ಅತ್ತೆಯವರ ಅನುಮಾನದ ಬೇರು ಇಲ್ಲೇ ಇತ್ತೇನೋ. ಪೇಪರಿನಲ್ಲಿ ಓದಿದ್ದು ಮರೆತಿರುತ್ತೆ, ಕೆಟ್ಟ ಹೆಸರು ಮಾತ್ರ ತಲೆಯಲ್ಲಿ ಉಳಿದಿರುತ್ತೆ.

ನಮ್ಮ ಮನೆಯದೇ ಒಂದು ಕತೆ ಹೇಳಬೇಕು. ನನ್ನ ನಾದಿನಿಯ ಮಗ ಕೆಲವು ವರ್ಷದ ಹಿಂದೆ ಒಂದು 'ಸ್ಟಡಿ ಸೆಂಟರ್'ಗೆ ಸೇರಿದ. ಕೆಳಗೆ ಮೊಬೈಲ್ ರಿಪೇರಿ ಅಂಗಡಿ, ಮೇಲೆ ವಿದ್ಯಾದಾನ! ದೂರದ ರಾಜ್ಯದ ಯಾವುದೋ ವಿಶ್ವವಿದ್ಯಾನಿಲಯದ ಹೆಸರು ಬರೆದ ಬಣ್ಣದ ಬೋರ್ಡು, ಹೆಸರು ಇಲ್ಲಿ ಬೇಡ ಬಿಡಿ. "ಒಂದೇ ವರ್ಷದಲ್ಲಿ ಡಿಗ್ರಿ, ಕ್ಲಾಸಿಗೆ ಬರೋದೇ ಬೇಡ" ಅಂದರು. ನಾದಿನಿ ಎರಡು ಬಳೆ ಅಡ ಇಟ್ಟು ಫೀಸು ಕಟ್ಟಿದರು. ಬಂಗಾರದ ಅಂಚಿನ ಸರ್ಟಿಫಿಕೇಟೂ ಬಂತು. ಅದನ್ನು ಹಿಡಿದುಕೊಂಡು ಕೆಲಸಕ್ಕೆ ಹೋದರೆ ದಾಖಲೆ ನೋಡುವವರು, "ಇದಕ್ಕೆ ಮಾನ್ಯತೆ ಇಲ್ಲ" ಎಂದು ವಾಪಸು ಕೊಟ್ಟರು. ತಿರುಗಿ ಬಂದು ನೋಡಿದರೆ ಮಹಡಿ ಮೇಲೆ ಬ್ಯೂಟಿ ಪಾರ್ಲರ್. ಬಳೆ ಬಿಡಿಸಿಕೊಳ್ಳಲು ನಾದಿನಿಗೆ ಮೂರು ವರ್ಷ ಹಿಡಿಯಿತು. ಹುಡುಗ ಈಗಲೂ ಆ ಸರ್ಟಿಫಿಕೇಟನ್ನು ಹರಿದು ಹಾಕಿಲ್ಲ, ಬೀರುವಿನ ತಳದಲ್ಲಿಟ್ಟಿದ್ದಾನೆ. ಹೋದಾಗಲೆಲ್ಲ ನನಗೆ ಆ ಬೀರುವನ್ನು ನೋಡಿದರೇ ಹೊಟ್ಟೆ ಉರಿಯುತ್ತೆ.

ಆದ್ದರಿಂದ, ಮನೆಯಲ್ಲಿದ್ದು ಓದಬೇಕೆನ್ನುವ ತಂಗಿಯರೇ, ಬೋರ್ಡು ನೋಡಿ ದುಡ್ಡು ಕಟ್ಟಬೇಡಿ. ಯುಜಿಸಿಯಲ್ಲಿ ದೂರಶಿಕ್ಷಣಕ್ಕೆಂದೇ ಒಂದು ವಿಭಾಗ ಇದೆ. ಯಾವ ವಿಶ್ವವಿದ್ಯಾನಿಲಯ, ಯಾವ ಕೋರ್ಸು, ಯಾವ ವರ್ಷಕ್ಕೆ ಮಾನ್ಯತೆ ಎಂಬ ಪಟ್ಟಿಯನ್ನು ಅವರ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ವಿಶ್ವವಿದ್ಯಾನಿಲಯದ ಹೆಸರಿದ್ದರೆ ಸಾಲದು, ನೀವು ಸೇರುವ ಕೋರ್ಸಿನ ಹೆಸರೂ ನೀವು ಸೇರುವ ವರ್ಷವೂ ಅದರಲ್ಲಿರಬೇಕು. ನಿಮಗೆ ನೋಡಲು ಬಾರದಿದ್ದರೆ ಕಾಲೇಜಿಗೆ ಹೋಗುವ ಮಗಳನ್ನೋ ಪಕ್ಕದ ಮನೆ ಹುಡುಗನನ್ನೋ ಕೂರಿಸಿಕೊಂಡು ನೋಡಿ. ಅದಕ್ಕೆ ಸಂಕೋಚವೇನು? ಇನ್ನೊಂದು. ಇಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಇಂಥವನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲ ಎಂದು ಯುಜಿಸಿಯ 2020ರ ನಿಯಮವೇ ಹೇಳುತ್ತೆ. ಮನೆಯಲ್ಲಿ ಕೂತೇ ನರ್ಸ್ ಆಗಬಹುದು ಎಂದು ಯಾರಾದರೂ ಹೇಳಿದರೆ, ಅಲ್ಲಿಂದ ಚಪ್ಪಲಿ ಮೆಟ್ಟಿಕೊಂಡು ಎದ್ದು ಬನ್ನಿ. ಫೀಸನ್ನು ವಿಶ್ವವಿದ್ಯಾನಿಲಯಕ್ಕೇ ನೇರವಾಗಿ ಕಟ್ಟಿ, ಮಧ್ಯದವರ ಕೈಗೆ ಕೊಡಬೇಡಿ, ರಸೀತಿ ಜೋಪಾನ. 2024ರಿಂದ ದೂರಶಿಕ್ಷಣಕ್ಕೆ ಸೇರುವವರು 'ಡಿಇಬಿ ಐಡಿ' ಎಂದು ಒಂದು ನಂಬರು ಮಾಡಿಸಿಕೊಳ್ಳಬೇಕು. ಅದೂ ಒಂಥರಾ ಒಳ್ಳೆಯದೇ. ಮಾನ್ಯತೆ ಇಲ್ಲದವರು ಆ ನಂಬರಿನ ಮಾತೇ ಎತ್ತುವುದಿಲ್ಲ.

ಪ್ರವೇಶ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಜನವರಿ ಆವೃತ್ತಿ ಅನ್ನುತ್ತಾರೆ. ಪಾಠದ ಪುಸ್ತಕಕ್ಕೆ 'ಸಿದ್ಧಪಾಠ' ಎಂದು ಹೆಸರು. ನನಗಂತೂ ಸಿದ್ಧ ಅಡಿಗೆ ಪೊಟ್ಟಣದ ನೆನಪಾಯಿತು, ಆದರೆ ಇದನ್ನು ಬಿಸಿನೀರಿಗೆ ಹಾಕಿದರೆ ಆಗುವುದಿಲ್ಲ, ಕೂತು ಓದಲೇಬೇಕು.

ಇನ್ನು ಬೆಲೆಯ ಮಾತು. ಮಾನ್ಯತೆ ಇರುವ ಸಂಸ್ಥೆಯಿಂದ ದೂರಶಿಕ್ಷಣದಲ್ಲಿ ಪಡೆದ ಪದವಿಯೂ ಕಾಲೇಜಿಗೆ ಹೋಗಿ ಪಡೆದ ಪದವಿಯೂ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಇದನ್ನು ಓದಿ ಹೇಳಿದಾಗ ಎದುರು ಮನೆ ಅತ್ತೆ, "ಹಾಗಂತ ಬರೆದಿದೆಯಾ?" ಎಂದು ಎರಡು ಸಲ ಕೇಳಿದರು. ಬರೆದಿದೆ ಎಂದೆ. ಆದರೂ ನನ್ನ ಅನಿಸಿಕೆ ಹೇಳಲೇ? ಕಾನೂನಿನಲ್ಲಿ ಸಮ ಅಂದಮಾತ್ರಕ್ಕೆ ಹೆಣ್ಣು ನೋಡಲು ಬಂದವರ ಬಾಯಲ್ಲಿ ಸಮ ಆಗುವುದಿಲ್ಲ. "ರೆಗ್ಯುಲರಾ, ಕರೆಸ್ಪಾಂಡೆನ್ಸಾ?" ಎಂಬ ಪ್ರಶ್ನೆ ಇನ್ನೂ ಬರುತ್ತೆ. ಕಾಲೇಜಿನಲ್ಲಿ ಅಟೆಂಡೆನ್ಸ್ ಹಾಕಿಸಿಕೊಂಡು ಕ್ಯಾಂಟೀನಿನಲ್ಲಿ ಕೂತವನು ರೆಗ್ಯುಲರ್. ಮಗುವಿಗೆ ತೊಟ್ಟಿಲು ತೂಗುತ್ತಾ ಓದಿದವಳು ಅಲ್ಲ! ಇದಕ್ಕೆ ಯಾವ ಯುಜಿಸಿ ಏನು ಮಾಡೀತು?

ನನ್ನದೊಂದು ಮುನಿಸೂ ಇದೆ. ಹೆಸರೇನೋ ಮುಕ್ತ. ಆದರೆ ಬಿ.ಎ.ಗೆ ಸೇರಲು ಪಿಯುಸಿ ಬೇಕೇ ಬೇಕು. ಇಂಗ್ಲೆಂಡಿನಲ್ಲಿ ಏನೂ ಕೇಳಲಿಲ್ಲ. ಹೈದರಾಬಾದಿನಲ್ಲೂ ಬಹುಕಾಲ, ಹೆಚ್ಚು ಓದದವರು ಒಂದು ಅರ್ಹತಾ ಪರೀಕ್ಷೆ ಬರೆದು ಡಿಗ್ರಿಗೆ ಸೇರಬಹುದಿತ್ತು. ಈಗ ಆ ಕಿಂಡಿ ಮುಚ್ಚಿದೆ. ಓದು ತಪ್ಪಿದ ಹೆಂಗಸರಲ್ಲಿ ಎಷ್ಟೋ ಜನ ಎಸ್ಸೆಸ್ಸೆಲ್ಸಿಗೇ ನಿಂತವರು. ಅವರಿಗೂ ಸೇರಿಸಿ ತಾನೇ ಮುಕ್ತ ಎಂದು ಹೆಸರಿಟ್ಟದ್ದು? ಕಿಂಡಿ ಮುಚ್ಚಿದವರಿಗೆ ಕಾರಣ ಇರಬಹುದು, ಮೋಸ ತಡೆಯಬೇಕಲ್ಲ. ಆದರೂ ಮುಚ್ಚಿದಾಗ ಹೊರಗೆ ನಿಂತವರು ಯಾರು ಎಂದು ಒಂದು ಸಲ ಇಣುಕಿ ನೋಡಬಹುದಿತ್ತು.

ಅಂಥವರಿಗೆ ಸುತ್ತುದಾರಿ ಒಂದಿದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್‌ಐಒಎಸ್ ಅನ್ನುತ್ತಾರೆ, ಕೇಂದ್ರ ಸರ್ಕಾರದ್ದು. ಅಲ್ಲಿ ಹನ್ನೆರಡನೆಯ ತರಗತಿಗೆ ಐದು ವಿಷಯ ತೆಗೆದುಕೊಂಡು, ಐದು ವರ್ಷದೊಳಗೆ ಒಂಬತ್ತು ಸಲ ಪರೀಕ್ಷೆಗೆ ಕೂರಲು ಅವಕಾಶ. ಎಲ್ಲವನ್ನೂ ಒಟ್ಟಿಗೆ ಬರೆಯಬೇಕಿಲ್ಲ. ಈ ಸಲ ಎರಡು, ಮುಂದಿನ ಸಲ ಒಂದು, ಹೀಗೆ ಕಂತಿನಲ್ಲಿ ಕಟ್ಟಬಹುದು. ಚೀಟಿ ಹಾಕಿ ಪಾತ್ರೆ ಕೊಂಡವರಿಗೆ ಈ ಲೆಕ್ಕ ಹೇಳಿಕೊಡಬೇಕೇ? ಖಾಸಗಿಯಾಗಿ ಪಿಯುಸಿ ಕಟ್ಟುವವರೂ ಇದ್ದಾರೆ.

ಎದುರು ಮನೆಗೆ ಬರೋಣ. ಅಕ್ಕ ಊರಿಗೆ ಹೊರಟ ದಿನ ತಂಗಿಯನ್ನು ಕರೆದು ಏನೋ ಹೇಳಿದರು. ಏನೆಂದು ನನಗೆ ಕೇಳಿಸಲಿಲ್ಲ, ಕುಕ್ಕರ್ ಕೂಗಿತು. ಮಾರನೆಯ ದಿನ ಆ ತಾಯಿ ನಮ್ಮ ಮನೆಗೆ ಬಂದು ಸಂಡಿಗೆ ಡಬ್ಬಿ ವಾಪಸು ಕೊಟ್ಟರು. ಖಾಲಿ ಡಬ್ಬಿ ಕೊಡಬಾರದೆಂದು ಒಳಗೆ ಚಕ್ಕುಲಿ. "ಸೇರ್ಲಿ ಬಿಡಿ. ಆದ್ರೆ ಸಂಪರ್ಕ ತರಗತಿ ಇದ್ದ ದಿನ ಮಕ್ಕಳನ್ನ ನಾನು ನೋಡ್ಕೊಳ್ಳಲ್ಲ, ನನ್ನ ಮಗ ನೋಡ್ಕೊಳ್ಲಿ. ಅವನೂ ಅಪ್ಪ ಅಲ್ವಾ" ಅಂದರು. ಇದನ್ನು ಕೇಳಿ ನಮ್ಮ ಮನೆಯವರು ಪೇಪರಿನ ಹಿಂದೆ ಮುಖ ಮರೆಸಿಕೊಂಡರು.

ಹುಡುಗಿ ಫೋಟೋ ತೆಗೆಸಿಕೊಂಡು ಬಂದಿದ್ದಾಳೆ. ಪಿಯುಸಿ ಅಂಕಪಟ್ಟಿಯಲ್ಲಿ ತವರಿನ ಇನಿಷಿಯಲ್, ಆಧಾರದಲ್ಲಿ ಗಂಡನ ಹೆಸರು, ಎರಡನ್ನೂ ಹೊಂದಿಸಲು ಓಡಾಡುತ್ತಿದ್ದಾಳೆ. ಮದುವೆಯಾದ ಮೇಲೆ ಹೆಸರು ಬದಲಾಯಿಸಿಕೊಂಡವರು ಇದನ್ನು ಅರ್ಜಿಗೆ ಮೊದಲೇ ಸರಿಮಾಡಿಕೊಳ್ಳಿ, ಕೊನೆಯ ದಿನ ಒದ್ದಾಡಬೇಡಿ.

ಹಾಗೇ ಇನ್ನೊಂದು ವಿಷಯ. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು 1996ರಲ್ಲಿ, ಅಲ್ಲಿ ಬೋರ್ಡು ಬದಲಾದ ವರ್ಷವೇ. ಅಂಕಪಟ್ಟಿ ಎಲ್ಲಿದೆ ಎಂದು ಇಷ್ಟು ವರ್ಷ ಹುಡುಕಿರಲಿಲ್ಲ. ನಿನ್ನೆ ಅಟ್ಟದ ಟ್ರಂಕು ಇಳಿಸಿದೆ. ಮದುವೆ ಸೀರೆಯ ಮಡಿಕೆಯಲ್ಲಿ ಸಿಕ್ಕಿತು. ಒಂದು ಮೂಲೆ ಹುಳ ತಿಂದಿದೆ. ನಂಬರು ಓದಲು ಬರುತ್ತೆ.